ಎಡಬದಿಯ ಮೂರನೆಯ ಹಿಡಿ

ಮೊನ್ನೆ ಕುಂಬ್ರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ರಸ್ತೆ ಬದಿಯ ಮನೆಯ ಅಂಗಳದಲ್ಲಿ ಒಬ್ಬ ಹೆಂಗಸು ಹಿತ್ತಾಳೆಯ ದೀಪಗಳನ್ನು ಬಿಂಬುಳಿಯ ಹುಳಿಕಾಯಿ ಹಾಕಿ ತಿಕ್ಕುತ್ತಿದ್ದರು. ಹುಳಿಯೂ ಹಿತ್ತಾಳೆಯೂ ಸೇರಿದಾಗ ಏಳುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಬಂದ ಬಸ್ಸನ್ನೂ ಹತ್ತದೆ ಜಂಕ್ಷನ್ನಿನ ಆಚೆ ಬದಿಗೆ ಹೋಗಿ ನಿಂತೆ. ಚಿನ್ನದ ಕೆಲಸದವನಿಗೆ ಹುಳಿಯ ವಾಸನೆ ಹೊಸದಲ್ಲ, ನಲವತ್ತು ವರ್ಷದಿಂದ ನನ್ನ ಕೈ ಅದರಲ್ಲೇ ಅದ್ದಿದೆ. ಆದರೆ ಹಿತ್ತಾಳೆಯನ್ನು ಬುಟ್ಟಿಗಟ್ಟಲೆ ಬಿಂಬುಳಿಯಲ್ಲಿ ತೊಳೆದದ್ದು ಒಂದೇ ಒಂದು ಮಳೆಗಾಲ. ಆ ಮಳೆಗಾಲದ ವಿಷಯವನ್ನು ನಾನು ಯಾರಲ್ಲೂ ಪೂರ್ತಿ ಹೇಳಿಲ್ಲ. ಹೇಳಿದರೆ ಮರ್ಯಾದೆ ಹೋಗುತ್ತದೆ ಎಂದು ಸುಮ್ಮನಿದ್ದೆ. ಈಗ ಸುಮ್ಮನಿದ್ದದ್ದಕ್ಕೂ ಸೇರಿಸಿ ನಾಚಿಕೆಯಾಗುತ್ತದೆ.

ನಾನು ಪುತ್ತೂರಿನ ಚಿನ್ನದ ಆಚಾರಿ. ಪೇಟೆಯ ದೊಡ್ಡ ರಸ್ತೆಯಿಂದ ಒಳಗೆ ತಿರುಗುವ ಓಣಿಯಲ್ಲಿ ಒಂದು ಕೋಣೆಯ ಅಂಗಡಿ, ಅದರ ಹಿಂದೆಯೇ ಮನೆ. ಅಪ್ಪನ ಕಾಲದಲ್ಲಿ ಮದುವೆ ನಿಶ್ಚಯವಾದರೆ ಜನ ಮೊದಲು ಜೋಯಿಸರಲ್ಲಿಗೆ, ಆಮೇಲೆ ನಮ್ಮಲ್ಲಿಗೆ ಬರುತ್ತಿದ್ದರು. ಈಗ ಪೇಟೆಯಲ್ಲಿ ತಣ್ಣನೆ ಗಾಳಿಯ ದೊಡ್ಡ ಮಳಿಗೆಗಳಿವೆ. ಮೆಷಿನ್ನಿನಲ್ಲಿ ಮಾಡಿದ ಸರವನ್ನು ಜನ ಕನ್ನಡಿಯ ಮುಂದೆ ಹಾಕಿ ನೋಡಿ ಮನೆಗೆ ಒಯ್ಯುತ್ತಾರೆ. ನಮ್ಮ ಪಾಲಿಗೆ ಉಳಿದದ್ದು ತುಂಡಾದ ಸರಕ್ಕೆ ಬೆಸುಗೆ, ಸಡಿಲವಾದ ಮೂಗುತಿಗೆ ತಿರುಪು. ಆಟಿ ತಿಂಗಳಲ್ಲಿ ಅದೂ ಇಲ್ಲ. ಆಟಿಯಲ್ಲಿ ನಮ್ಮ ಕಡೆ ಮದುವೆ ಮಾಡುವುದಿಲ್ಲ, ಹೊಸ ಚಿನ್ನಕ್ಕೆ ಕೈ ಹಾಕುವುದಿಲ್ಲ. ಹೊರಗೆ ಮಳೆ, ಒಳಗೆ ತಣ್ಣಗಾದ ಅಗ್ಗಿಷ್ಟಿಕೆ, ಮಧ್ಯದಲ್ಲಿ ನಾನು.

ನಾಲ್ಕು ವರ್ಷದ ಹಿಂದೆ ಅಂಥದೇ ಒಂದು ಆಟಿಯ ಮಂಗಳವಾರ ಒಬ್ಬ ಹಿರಿಯರು ಅಂಗಡಿಗೆ ಬಂದರು. ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು. ಕೊಡೆ ಮಡಚಿ, ನೀರು ಹೊರಗೇ ಕೊಡವಿ, ಚಪ್ಪಲಿಯನ್ನು ಜೋಡಿಯಾಗಿ ಇಟ್ಟು ಒಳಗೆ ಬಂದರು. ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಕಾಗದದ ಸುರುಳಿ.

"ಕುಂಬ್ರದ ಹಮೀದಾಕ ಕಳಿಸಿದ್ದು. ನಾನು ದಫೇದಾರ್ ಮೇದಪ್ಪ ಗೌಡ, ಅರಂತೋಡು" ಎಂದರು.

ನಮ್ಮಲ್ಲಿ ದಫೇದಾರ ಎಂದರೆ ದೊಡ್ಡ ಸಾಹೇಬರ ಕೋಣೆಯ ಬಾಗಿಲಲ್ಲಿ ಕೆಂಪು ಪಟ್ಟಿ ಹಾಕಿ ನಿಲ್ಲುವವನು. ನಾನು ಮಾತಿಗೆ ಇರಲಿ ಎಂದು, "ಯಾವ ಆಫೀಸಿನಲ್ಲಿ ಇದ್ದದ್ದು ತಾವು?" ಎಂದು ಕೇಳಿದೆ.

ಅವರು ನಕ್ಕರು. "ನನ್ನ ಆಫೀಸು ನಲವತ್ತು ಟನ್ ಇತ್ತು ಆಚಾರ್ರೆ. ನಾನೇ ಓಡಿಸ್ತಿದ್ದದ್ದು."

ಮಿಲಿಟರಿಯ ಟ್ಯಾಂಕ್ ದಳದಲ್ಲಿ ಹವಾಲ್ದಾರನಿಗೆ ದಫೇದಾರ್ ಎನ್ನುತ್ತಾರೆ ಎಂದು ನನಗೆ ಅಂದು ತಿಳಿಯಿತು. ಅವರು ಸುರುಳಿ ಬಿಚ್ಚಿದರು. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಪೆನ್ಸಿಲಿನ ಚಿತ್ರಗಳು. ತಾವು ಓಡಿಸುತ್ತಿದ್ದ ಟ್ಯಾಂಕನ್ನು ಆರರಲ್ಲಿ ಒಂದು ಅಳತೆಗೆ ಅವರು ಮನೆಯಲ್ಲಿ ಮಾಡುತ್ತಿದ್ದರು. ಹಲಸಿನ ಹಲಗೆಗೆ ತಗಡು ಹೊದೆಸಿದ ಮೈಯೇ ಮೂರೂವರೆ ಅಡಿ ಉದ್ದ. ಚಕ್ರಗಳನ್ನು ಹಮೀದಾಕ ತನ್ನ ಲೇತಿನಲ್ಲಿ ಕಡೆದುಕೊಟ್ಟಿದ್ದ. ಹಮೀದಾಕ ನನ್ನ ಹಳೆಯ ಸ್ನೇಹಿತ, ಗಲ್ಫಿನಲ್ಲಿ ಇಪ್ಪತ್ತು ವರ್ಷ ಲೇತ್ ಕೆಲಸ ಮಾಡಿ ಬಂದು ಕುಂಬ್ರದಲ್ಲಿ ಅಂಗಡಿ ಇಟ್ಟವನು. ಬೋಲ್ಟಿನ ತಲೆ, ರಿವೆಟ್ಟು, ಕೊಂಡಿ, ಹಿಡಿ, ಎಳೆಯುವ ಹಗ್ಗ, ಮೈಗೆ ಬಿಗಿದ ಸಲಿಕೆ ಪಿಕ್ಕಾಸು, ಇಂಥ ಸಣ್ಣ ಸಾಮಾನಿಗೆ ಮಾತ್ರ ಅವನು ಕೈಮುಗಿದು, "ಅದು ಕಬ್ಬಿಣದವನ ಕೆಲಸ ಅಲ್ಲ, ಚಿನ್ನದವರ ಕೆಲಸ" ಎಂದು ಇತ್ತ ಕಳಿಸಿದ್ದ.

"ಇದೆಲ್ಲ ಎಂತಕ್ಕೆ ದಫೇದಾರ್ರೆ?" ಎಂದೆ.

ಅವರು ಹಾಳೆಗಳ ಮೂಲೆಯನ್ನು ಬೆರಳಿನಿಂದ ನೇವರಿಸುತ್ತಾ ಹೇಳಿದರು: "ನನಗೆ ಮರೆವು ಶುರುವಾಗಿದೆ. ಡಾಕ್ಟ್ರು ಹೇಳಿದ್ದಾರೆ, ನಿಧಾನಕ್ಕೆ ಎಲ್ಲ ಹೋಗ್ತದೆ ಅಂತ. ನಿನ್ನೆ ಊಟಕ್ಕೆ ಎಂತ ಪದಾರ್ಥ ಇತ್ತು ಕೇಳಿದ್ರೆ ಇವತ್ತು ಗೊತ್ತಿಲ್ಲ. ಆದ್ರೆ ಆ ಗಾಡಿಯ ಒಂದೊಂದು ಬೋಲ್ಟು ಎಲ್ಲಿತ್ತು ಅಂತ ಗೊತ್ತುಂಟು. ಅದು ಹೋಗುವ ಮೊದಲು ಹೇಗೆ ಇತ್ತೋ ಹಾಗೆ ಮಾಡಿ ಇಡ್ಬೇಕು. ಆಮೇಲೆ ಮರೆತರೆ ಅದನ್ನೇ ನೋಡಿ ತಿಳ್ಕೊಳ್ಳುದು, ನಾನು ಯಾರು ಅಂತ. ಆಯುಧ ಪೂಜೆಗೆ ಮುಗಿಯಬೇಕು."

ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳಲು ನನಗೆ ದಾರಿಯಿಲ್ಲ.

ಕೆಲಸ ಹಿಡಿದೆ. ಹಿಡಿದ ಮೇಲೆ ಗೊತ್ತಾಯಿತು, ನನ್ನಲ್ಲಿದ್ದ ಹತಾರಗಳಲ್ಲಿ ಅರ್ಧ ಇದಕ್ಕೆ ಸಾಲದು. ಬೋಲ್ಟಿನ ತಲೆ ಆರು ಮೂಲೆಯಾಗಿ ಬರಬೇಕು, ಅದೂ ಅಕ್ಕಿಕಾಳಿನ ಗಾತ್ರದಲ್ಲಿ, ಇನ್ನೂರಕ್ಕಿಂತ ಹೆಚ್ಚು. ಒಂದೊಂದಾಗಿ ಅರದಲ್ಲಿ ಉಜ್ಜಿದರೆ ಮುಂದಿನ ಆಟಿ ಬಂದೀತು. ಸವೆದ ಹಳೆಯ ಅರವೊಂದನ್ನು ಕಾಯಿಸಿ ಮೆತ್ತಗೆ ಮಾಡಿ, ಅದಕ್ಕೆ ತೂತು ಕೊರೆದು, ತೂತಿನ ಒಳಗೆ ಆರು ಮೂಲೆ ತೆಗೆದು, ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಗೆ ಹಾಕಿ ಗಟ್ಟಿ ಮಾಡಿದೆ. ಈಗ ಹಿತ್ತಾಳೆ ತಂತಿಯ ತುದಿಯನ್ನು ಅದರೊಳಗೆ ಇಟ್ಟು ಒಂದು ಪೆಟ್ಟು ಹಾಕಿದರೆ ಆರು ಮೂಲೆಯ ತಲೆ ಸಿದ್ಧ. ರಿವೆಟ್ಟಿಗೆ ಹೊಸ ಅಚ್ಚು ಬೇಕಾಗಲಿಲ್ಲ. ಕರಿಮಣಿ ಸರದ ಗುಂಡು ಒತ್ತುವ ಅಪ್ಪನ ಕಾಲದ ಅಚ್ಚು ಇತ್ತು. ಪುತ್ತೂರಿನ ಎಷ್ಟೋ ಮದುವಣಗಿತ್ತಿಯರ ಕೊರಳಿಗೆ ಗುಂಡು ಒತ್ತಿದ ಅದೇ ಗುಳಿಯಲ್ಲಿ ಟ್ಯಾಂಕಿನ ರಿವೆಟ್ಟುಗಳನ್ನು ಒತ್ತಿದೆ. ಹಗ್ಗದ ಸರ ಹೆಣೆಯುವ ಹಾಗೆಯೇ ಏಳು ಎಳೆ ತಂತಿಯನ್ನು ಹೊಸೆದು ಎಳೆಯುವ ಹಗ್ಗ ಮಾಡಿದೆ. ಹಿಡಿಗಳು ಎಲ್ಲ ಒಂದೇ ಅಳತೆಗೆ ಬಗ್ಗಲೆಂದು ಉಕ್ಕಿನ ತುಂಡಿನಲ್ಲಿ ಒಂದು ಗೂಡು ಕೊರೆದೆ. ತಂತಿಯನ್ನು ಅದರಲ್ಲಿ ಕೂರಿಸಿ ಒತ್ತಿದರೆ ಎರಡೂ ಕಾಲು ಸಮ, ಮೇಲಿನ ಕಂಬಿ ನೂಲು ಹಿಡಿದ ಹಾಗೆ ನೇರ. ಆ ಗೂಡನ್ನು ಮಾಡಿದ ದಿನ ನನಗೆ ಬಹಳ ಖುಷಿಯಾಗಿತ್ತು. ಎಷ್ಟೋ ವರ್ಷದ ಮೇಲೆ ನನ್ನ ಕೈಗೆ ಬುದ್ಧಿ ಖರ್ಚು ಮಾಡುವ ಕೆಲಸ ಸಿಕ್ಕಿತ್ತು.

ಮೊದಲ ಕಂತಿನ ಸಾಮಾನನ್ನು ಬಿಂಬುಳಿಯಲ್ಲಿ ತೊಳೆದು, ಒಪ್ಪ ಹಾಕಿ, ಕೆಂಪು ಕಾಗದದಲ್ಲಿ ಸುತ್ತಿ ಕೊಟ್ಟೆ. ದಫೇದಾರರು ಬಿಚ್ಚಿ ನೋಡಿ ಕಣ್ಣು ಕಿರಿದು ಮಾಡಿದರು.

"ಇದೆಂತ ಮಾರಾಯ್ರೆ, ಟ್ಯಾಂಕ್ ಮದುಮಗಳು ಆಯ್ತಲ್ಲ! ಶತ್ರುವಿಗೆ ಹತ್ತು ಮೈಲಿಯಿಂದ ಕಾಣ್ತದೆ."

ನಾವಿಬ್ಬರೂ ನಕ್ಕೆವು. ಆಮೇಲೆ ಅವರೇ ಹೊಳಪನ್ನು ಕೊಲ್ಲುವುದು ಹೇಗೆ ಎಂದು ಕಲಿಸಿದರು. ಮರಳಿನಲ್ಲಿ ಉಜ್ಜುವುದು, ಮಸಿ ಹಚ್ಚಿ ಒರಸುವುದು, ಮನುಷ್ಯರು ಹತ್ತಿ ಇಳಿಯುವ ಕಡೆ ಮಾತ್ರ ಬಣ್ಣ ಸವೆದ ಹಾಗೆ ಬಿಡುವುದು. "ಗಾಡಿ ಕೆಲಸ ಮಾಡಿದ ಹಾಗೆ ಕಾಣ್ಬೇಕು" ಎನ್ನುತ್ತಿದ್ದರು. ಊನವಿರುವ ವಸ್ತು ಅಂಗಡಿಯ ಹೊಸ್ತಿಲು ದಾಟಬಾರದು ಎಂಬುದು ನನ್ನ ಅಪ್ಪ ಕಲಿಸಿದ ಪಾಠ. ಒಡವೆಯಲ್ಲಿ ಒಂದು ಕಡೆ ಬಳುಕಿದ್ದರೆ ಗಿರಾಕಿ ಕೇಳದಿದ್ದರೂ ನಾವೇ ನೇರ ಮಾಡಿ ಕೊಡುತ್ತೇವೆ. ಗಿರಾಕಿಯ ಕಣ್ಣಿಗಿಂತ ನಮ್ಮ ಕೈಗೆ ಅದು ಮೊದಲು ತಿಳಿಯುತ್ತದೆ. ದಫೇದಾರರ ಪಾಠವನ್ನು ನಾನು ಹೊಳಪಿನ ಮಟ್ಟಿಗೆ ಮಾತ್ರ ಕಲಿತೆ.

ಪ್ರತಿ ಮಂಗಳವಾರ ಅವರು ಬರುತ್ತಿದ್ದರು. ಅಂಗಿಯ ಜೇಬಿನಲ್ಲಿ ಮಗಳು ಜಲಜಾಕ್ಷಿ ಬರೆದುಕೊಟ್ಟ ಚೀಟಿ ಇರುತ್ತಿತ್ತು: ಸುಳ್ಯದಲ್ಲಿ ಬಸ್ಸು ಬದಲಿಸುವುದು, ಪುತ್ತೂರಿನಲ್ಲಿ ಇಳಿಯುವುದು, ಆಚಾರ್ರ ಅಂಗಡಿ, ಮೂರು ಗಂಟೆಯ ಬಸ್ಸಿಗೆ ವಾಪಾಸು. ಅರಂತೋಡಿನಲ್ಲಿ ಮಡಿಕೇರಿ ರಸ್ತೆಯ ಬದಿಗೆ ಆ ಮಗಳ ಹೋಟೇಲು. ಹೋಟೇಲಿನ ಹಿಂದಿನ ಕೋಣೆಯಲ್ಲಿ ಟ್ಯಾಂಕ್ ಇತ್ತು. ನನ್ನ ಹೆಂಡತಿ ವಾರಿಜ ಅವರಿಗೆ ಊಟ ಬಡಿಸುತ್ತಿದ್ದಳು. ಅವರು ಪ್ರತಿ ಸಲವೂ, "ನಿಮ್ಮ ಹೆಸರು ಎಂತ ಹೇಳಿದ್ರಿ ಅಕ್ಕ?" ಎಂದು ಕೇಳುತ್ತಿದ್ದರು. ಅವಳು ಪ್ರತಿ ಸಲವೂ ಹೊಸದಾಗಿ ಹೇಳುತ್ತಿದ್ದಳು. ಆದರೆ ಟ್ಯಾಂಕಿನ ವಿಷಯ ಬಂದರೆ ಆ ತಲೆ ಬೇರೆಯೇ. ಹಿಂಬದಿಯ ಮುಚ್ಚಳದ ಬೋಲ್ಟು ಎಷ್ಟು ಎಂದು ಕೇಳಿದರೆ ಬೆರಳು ಮಡಚದೆ ಹೇಳುತ್ತಿದ್ದರು. ಹಾಗೆ ಹೇಳಿದಾಗ ಅವರ ಮುಖದಲ್ಲಿ ಬರುವ ನೆಮ್ಮದಿ ನೋಡಲು ನಾನೂ ಸುಮ್ಮನೆ ಏನಾದರೊಂದು ಕೇಳುತ್ತಿದ್ದೆ.

ಆಟಿ ಮುಗಿದು ಸೋಣ ತಿಂಗಳಲ್ಲಿ ಹಿಡಿಗಳ ಸರದಿ ಬಂತು. ಟ್ಯಾಂಕಿನ ತಿರುಗುವ ತಲೆಯ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ಸೈನಿಕರು ಹತ್ತುವಾಗ ಹಿಡಿದುಕೊಳ್ಳುವ ಕಂಬಿಗಳು. ಹಾಳೆಯಲ್ಲಿ ಎಂಟಕ್ಕೂ ಬೇರೆ ಬೇರೆ ಚಿತ್ರ ಬರೆದಿದ್ದರು. ಎಡಬದಿಯ ಮೂರನೆಯದು ಮಾತ್ರ ನಡುವಿನಲ್ಲಿ ಒಳಕ್ಕೆ ಬಗ್ಗಿತ್ತು. ಬಗ್ಗಿದ ಜಾಗದಲ್ಲಿ ಪೆನ್ಸಿಲನ್ನು ಎರಡು ಮೂರು ಸಲ ಒತ್ತಿ ಎಳೆದದ್ದೂ ಕಾಣುತ್ತಿತ್ತು. ನಾನು ನೋಡಿದೆ. ಪಾಪ, ಕೈ ನಡುಗಿ ಗೆರೆ ವಾಲಿದೆ, ಸರಿ ಮಾಡಲು ಹೋಗಿ ಮತ್ತೆ ಮತ್ತೆ ಎಳೆದಿದ್ದಾರೆ ಎಂದುಕೊಂಡೆ. ಅವರನ್ನು ಕೇಳಬಹುದಿತ್ತು, ಒಂದು ಫೋನು ಸಾಕಿತ್ತು. ಆದರೆ ನನ್ನ ಉಕ್ಕಿನ ಗೂಡು ಎಂಟನ್ನೂ ಒಂದೇ ಅಚ್ಚಿಗೆ ಒತ್ತಲು ಕಾದು ಕುಳಿತಿತ್ತು. ಎಂಟನ್ನೂ ನೇರಕ್ಕೆ ಒತ್ತಿದೆ. ಇದಿಷ್ಟೇ ಆಗಿದ್ದರೆ ಇದು ಒಂದು ತಪ್ಪು, ತಿದ್ದಬಹುದಾದ ತಪ್ಪು.

ಆ ಮಂಗಳವಾರ ವಾರಿಜಳ ಅಣ್ಣ ಮಾಧವ ಬಾವ ಅಂಗಡಿಯಲ್ಲಿ ಕುಳಿತಿದ್ದ. ಅವನು ದೊಡ್ಡ ಮಳಿಗೆಯೊಂದರಲ್ಲಿ ಸೇಲ್ಸ್‌ನಲ್ಲಿ ಇರುವವನು. ನಾನು ಹಿತ್ತಾಳೆ ಹಿಡಿದಾಗಿನಿಂದ, "ಬಾವ ಆಟದ ಸಾಮಾನಿನ ಆಚಾರಿ ಆದ್ರು" ಎಂದು ಸಂಬಂಧಿಕರಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದ. ಅವನಿಗೆ ನನ್ನ ಹೊಸ ಹತಾರಗಳನ್ನೆಲ್ಲ ತೋರಿಸುತ್ತಿದ್ದೆ. ಎಂಟು ಹಿಡಿಗಳನ್ನು ಸಾಲಾಗಿ ಜೋಡಿಸಿ, "ನೋಡು, ನಿಮ್ಮ ಮೆಷಿನ್ ಹೀಗೆ ಮಾಡ್ತದಾ? ಕೊಟ್ಟ ಚಿತ್ರಕ್ಕೂ ಇದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ" ಎಂದು ಕೊಚ್ಚಿಕೊಂಡದ್ದಕ್ಕೂ ದಫೇದಾರರು ಒಳಗೆ ಬಂದದ್ದಕ್ಕೂ ಸರಿಹೋಯಿತು.

ಅವರು ಹಿಡಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು.

"ಆಚಾರ್ರೆ, ಒಂದು ಬಗ್ಗಿದ್ದು ಇತ್ತಲ್ಲ? ಎಡದ್ದು ಮೂರನೇದ್ದು?"

ಬಾವ ನನ್ನ ಮುಖ ನೋಡಿದ. ಅವನ ತುಟಿಯ ಕೊನೆಯಲ್ಲಿ ನಗು ಹೊರಡುತ್ತಿದ್ದದ್ದು ನನಗೆ ಕಂಡಿತು. ಆ ಚಿತ್ರದ ಹಾಳೆ ನಾನು ಕುಳಿತ ಮಣೆಯ ಬದಿಯ ಡ್ರಾಯರಿನಲ್ಲೇ ಇತ್ತು.

"ಇಲ್ಲ ದಫೇದಾರ್ರೆ. ನೀವು ಕೊಟ್ಟ ಚಿತ್ರದಲ್ಲಿ ಎಲ್ಲ ನೇರವೇ ಇದ್ದದ್ದು" ಎಂದೆ.

"ಹೌದಾ? ನಾನು ಬಗ್ಗಿಸಿಯೇ ಬರೆದದ್ದಲ್ವಾ... ಆ ಹಾಳೆ ಉಂಟಾ, ಒಮ್ಮೆ ನೋಡುವ."

"ಅದು ಹುಳಿನೀರು ಬಿದ್ದು ಹಾಳಾಯ್ತು, ಬಿಸಾಡಿದೆ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. "ನೀವೇ ಹೇಳಿದ್ದಲ್ವಾ, ಮರೆವು ಶುರುವಾಗಿದೆ ಅಂತ. ಬೇರೆ ಎಂತದ್ದೋ ಇದಕ್ಕೆ ಸೇರಿರ್ಬೇಕು."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ನನ್ನ ಮೀಸೆ ಉಳಿಯಿತು. ದಫೇದಾರರು ಕೈಯಲ್ಲಿದ್ದ ಹಿಡಿಯನ್ನು ಉಳಿದ ಏಳರ ಸಾಲಿಗೆ ಸೇರಿಸಿ ಇಟ್ಟರು. ವಾದ ಮಾಡಲಿಲ್ಲ, ಸಿಟ್ಟೂ ಮಾಡಲಿಲ್ಲ. "ಇರ್ಬಹುದು" ಎಂದರು. "ಅದೂ ಹೋಯ್ತು ಹಾಗಾದ್ರೆ." ಆ ದಿನ ಊಟಕ್ಕೆ ಕರೆದರೆ ಹಸಿವಿಲ್ಲ ಎಂದು ಎದ್ದರು. ಬಾಗಿಲಲ್ಲಿ ಚೀಟಿ ತೆಗೆದು ಎರಡು ಸಲ ಓದಿ, ಬಸ್ ಸ್ಟ್ಯಾಂಡ್ ಯಾವ ಕಡೆ ಎಂದು ನನ್ನನ್ನೇ ಕೇಳಿದರು. ಅದುವರೆಗೆ ಒಮ್ಮೆಯೂ ಅವರು ಅದನ್ನು ಕೇಳಿರಲಿಲ್ಲ.

ಸಂಜೆ ಅಗ್ಗಿಷ್ಟಿಕೆಗೆ ಇದ್ದಲು ಹಾಕುವಾಗ ಆ ಹಾಳೆಯನ್ನೂ ಹಾಕಿದೆ. ವಾರಿಜ ಅಲ್ಲೇ ಇದ್ದಳು.

"ಅದು ದಫೇದಾರ್ರ ಚಿತ್ರ ಅಲ್ವಾ?"

"ಕೆಲಸ ಮುಗಿದದ್ದು."

ಅವಳು ಒಳಗೆ ಹೋದಳು. ಅಕ್ಕನ ಚಿನ್ನವಾದರೂ ಅಕ್ಕಸಾಲಿ ಬಿಡ ಎಂಬ ಗಾದೆ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನಲವತ್ತು ವರ್ಷದಲ್ಲಿ ಒಬ್ಬರ ಚಿನ್ನದಲ್ಲಿ ಗುಲಗಂಜಿ ತೂಕ ನಾನು ಮುಟ್ಟಿದವನಲ್ಲ, ಹೀಗೆ ಎದೆ ತಟ್ಟಿ ಹೇಳಿಕೊಂಡು ತಿರುಗಿದವನು. ಹಾಳೆ ಉರಿದು ಮುಗಿಯುವುದನ್ನು ಪೂರ್ತಿ ನಿಂತು ನೋಡಿದೆ.

ಮುಂದಿನ ಮಂಗಳವಾರ ಅವರು ಬರಲಿಲ್ಲ. ಅದರ ಮುಂದಿನ ವಾರ ಹಮೀದಾಕ ಫೋನ್ ಮಾಡಿದ.

"ಎಂತ ಆಚಾರ್ರೆ, ನಿಮ್ಮ ದಫೇದಾರ್ರಿಗೆ ಎಂತಾಯ್ತು? ಮಗಳನ್ನು ಕರ್ಕೊಂಡು ಬಂದಿದ್ರು. ಎದುರಿನ ಮಡ್‌ಗಾರ್ಡಿನಲ್ಲಿ ಒಂದು ಗುಳಿ ಹಾಕ್ಲಿಕ್ಕೆ ಹೇಳಿ ಮೂರು ಸಲ ತಿದ್ದಿಸಿದ ಜನ, ಈಗ ಅದನ್ನು ಸಪಾಟು ಮಾಡಿ ಅಂತಾರೆ. ಒಂದು ಚಕ್ರದಲ್ಲಿ ರಬ್ಬರ್ ಕಿತ್ತದ್ದು ಇತ್ತು, ಅದೂ ಬೇಡ ಅಂತ. ಎಂತಕ್ಕೆ ಅಂತ ಕೇಳಿದ್ರೆ, ನನ್ನ ತಲೆಯನ್ನು ನಂಬ್ಲಿಕ್ಕೆ ಆಗುದಿಲ್ಲ ಹಮೀದಾಕ, ಆಚಾರ್ರು ಒಂದು ತಪ್ಪು ಹಿಡಿದ್ರು, ಇನ್ನೆಷ್ಟು ಉಂಟೋ ಅಂತ ಹೇಳಿದ್ರು."

"ನೀವು ಎಂತ ಮಾಡಿದ್ರಿ?"

"ಗಿರಾಕಿ ಹೇಳಿದ್ದು ಮಾಡಿದೆ. ಆದ್ರೆ ಬೇಜಾರಾಯ್ತು ಮಾರಾಯ್ರೆ. ಮೊದಲಿದ್ದದ್ದು ಗಾಡಿಯ ಹಾಗೆ ಇತ್ತು. ಈಗ ಅಂಗಡಿಯಿಂದ ತಂದ ಹಾಗೆ ಉಂಟು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದೇ ಬಸ್ಸು ಹತ್ತಿ ಅರಂತೋಡಿಗೆ ಹೋಗಿ ಹೇಳಬೇಕಿತ್ತು. ಆಯುಧ ಪೂಜೆಯ ಗಡಿಬಿಡಿ ಮುಗಿಯಲಿ, ಒಳ್ಳೆ ಸಮಯ ನೋಡಿ ಹೇಳುವ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳನ್ನು ಒಪ್ಪಿಕೊಳ್ಳಲು ಒಳ್ಳೆ ಸಮಯ ಎಂಬುದು ಪಂಚಾಂಗದಲ್ಲಿ ಇಲ್ಲ ಎಂದು ನನಗೆ ಗೊತ್ತಿತ್ತು.

ಆಯುಧ ಪೂಜೆಗೆ ದಫೇದಾರರು ನನ್ನನ್ನೂ ವಾರಿಜಳನ್ನೂ ಹಮೀದಾಕನನ್ನೂ ಕರೆದಿದ್ದರು. ಹೋಟೇಲಿನ ಮೇಜುಗಳನ್ನು ಬದಿಗೆ ಸರಿಸಿ ನಡುವೆ ಟ್ಯಾಂಕ್ ಇಟ್ಟು ಸೇವಂತಿಗೆ ಮಾಲೆ ಹಾಕಿದ್ದರು. ಊರಿನವರು, ಸುಳ್ಯದಿಂದ ಬಂದ ಕೆಲವು ನಿವೃತ್ತ ಸೈನಿಕರು ಸುತ್ತ ನಿಂತಿದ್ದರು. ನನ್ನ ಬೋಲ್ಟುಗಳು, ಹಗ್ಗ, ಬೆರಳುದ್ದದ ಪಿಕ್ಕಾಸು, ಎಲ್ಲವೂ ಅದರದರ ಜಾಗದಲ್ಲಿ ಕುಳಿತಿದ್ದವು. ಚೆಂದವಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ದಫೇದಾರರು ಇಸ್ತ್ರಿ ಹಾಕಿದ ಅಂಗಿಗೆ ಪದಕಗಳನ್ನು ಚುಚ್ಚಿಕೊಂಡು ನಿಂತಿದ್ದರು. ಯಾರೋ ಏನೋ ಕೇಳಿದರೆ ಹಿಂದಿನ ಹಾಗೆ ತಟ್ಟನೆ ಹೇಳುತ್ತಿರಲಿಲ್ಲ. "ಹಾಗೆ ಅಂತ ನೆನಪು, ಸರಿಯಾಗಿ ಗೊತ್ತಿಲ್ಲ" ಎನ್ನುತ್ತಿದ್ದರು. ನನ್ನನ್ನು ಕಂಡು ಮಾತ್ರ ಮುಖ ಅರಳಿಸಿ, ಎಲ್ಲರ ಮುಂದೆ ಕೈ ಹಿಡಿದು, "ಇವರಿಂದಾಗಿ ಟ್ಯಾಂಕ್ ಸರಿಯಾಯ್ತು" ಎಂದರು.

ನಾನು ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಜಲಜಾಕ್ಷಿ ಕಡಲೆ ಪ್ರಸಾದ ತುಂಬಿಸುತ್ತಿದ್ದಳು.

"ಆಚಾರ್ರೆ, ಒಂದು ಕೇಳ್ಲಾ? ಆ ಎಡದ ಹಿಡಿಯನ್ನು ಅಪ್ಪ ನಿಮಗೆ ನೇರ ಅಂತಲೇ ಬರೆದು ಕೊಟ್ಟದ್ದಾ?"

ನಾನು ನಳ್ಳಿ ತಿರುಗಿಸಿ ಕೈ ತೊಳೆಯತೊಡಗಿದೆ. ಅವಳು ಮುಂದುವರಿಸಿದಳು.

"ನಾನು ಸಣ್ಣವಳಿರುವಾಗಿಂದ ಕೇಳಿದ ಕಥೆ ಅದು. ಮರಳುಗಾಡಿನಲ್ಲಿ ಹೂತುಹೋದ ಇನ್ನೊಂದು ಟ್ಯಾಂಕನ್ನು ಇವರು ಎಳೀತಾ ಇದ್ರಂತೆ. ಉಕ್ಕಿನ ಹಗ್ಗ ತುಂಡಾಗಿ ಹಾರಿ ಬಂತಂತೆ. ಅಪ್ಪನ ತಲೆ ಹೊರಗೆ ಇತ್ತು. ಹಗ್ಗ ತಲೆಗೆ ಬೀಳುವ ಬದಲು ಆ ಹಿಡಿಗೆ ಬಡಿದು ನಿಂತಿತಂತೆ. ಹಿಡಿ ಬಗ್ಗಿತು, ಅಪ್ಪ ಉಳಿದ್ರು. ಆಮೇಲೆ ಅದನ್ನು ಸರಿ ಮಾಡ್ಲಿಕ್ಕೆ ಅವರ ಸಾಹೇಬರು ಬಿಡ್ಲಿಲ್ಲವಂತೆ. ದಿನಾ ಬೆಳಿಗ್ಗೆ ಗಾಡಿ ಚಾಲು ಮಾಡುವ ಮೊದಲು ಅದರಲ್ಲಿ ಇದ್ದ ನಾಲ್ಕೂ ಜನ ಅದನ್ನು ಮುಟ್ಟಿ ನಮಸ್ಕಾರ ಮಾಡ್ತಿದ್ರಂತೆ. ದೇವರ ಹಾಗೆ."

"ಈಗ ಎಂತ ಹೇಳ್ತಾರೆ?" ಎಂದೆ.

"ಈಗ ಹೇಳುದೇ ಇಲ್ಲ. ನಾವು ಕೇಳಿದ್ರೆ, ಅದು ನನ್ನ ತಲೆ ಕಟ್ಟಿದ ಕಥೆ ಅಂತಾರೆ. ಇಲ್ಲ ಅಪ್ಪ, ನಾನು ಸಣ್ಣದಿರುವಾಗಲೇ ಕೇಳಿದ್ದೇನೆ ಅಂದ್ರೆ, ನಿನಗೆ ಹೇಳಿದ್ದು ನಾನೇ ಅಲ್ವಾ, ನನ್ನ ತಲೆ ತಪ್ಪಿದ್ರೆ ನೀನು ಕೇಳಿದ್ದೂ ತಪ್ಪು ಅಂತಾರೆ. ಜೊತೆಗೆ ಇದ್ದವರು ಯಾರೂ ಈಗ ಇಲ್ಲ, ಯಾರಲ್ಲಿ ಕೇಳುದು?"

ಮನೆಗೆ ಬರುವ ದಾರಿಯಲ್ಲಿ ವಾರಿಜಳಿಗೆ ಎಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. "ಆ ಕಾಗದ ಉರಿಸುವಾಗಲೇ ನಂಗೆ ಗೊತ್ತಾಗಿದೆ. ನಾಳೆಯೇ ಹೋಗಿ ಹೇಳಿ ಬನ್ನಿ" ಎಂದಳು. ಆಮೇಲೆ ಪುತ್ತೂರು ಬರುವವರೆಗೆ ಕಿಟಕಿಯ ಕಡೆ ತಿರುಗಿ ಕುಳಿತಳು.

ಮರುದಿನ ಬೆಳಿಗ್ಗೆ ಹೊಸ ಹಿಡಿ ಮಾಡಿದೆ. ಸುಟ್ಟ ಹಾಳೆ ಕಣ್ಣಿಗೆ ಕಟ್ಟಿದ ಹಾಗೆ ಇತ್ತು, ಅಳತೆಗೆ ಕಷ್ಟವಾಗಲಿಲ್ಲ. ಬಗ್ಗಿಸುವುದು ಮಾತ್ರ ಕಷ್ಟವಾಯಿತು. ಕೈಗೆ ಅಭ್ಯಾಸವಿಲ್ಲದ ಕೆಲಸ, ಸುತ್ತಿಗೆ ಎರಡು ಸಲ ಹಿಂಜರಿಯಿತು. ಮಸಿ ಹಚ್ಚಿ, ನಾಲ್ಕು ಕೈ ಮುಟ್ಟಿ ಮುಟ್ಟಿ ಸವೆಯಬಹುದಾದ ಕಡೆ ಒರಸಿ, ಹತ್ತಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ದಫೇದಾರರು ಹಿಂದಿನ ಕೋಣೆಯಲ್ಲಿ ಟ್ಯಾಂಕಿನ ಪಕ್ಕ ಕುರ್ಚಿ ಹಾಕಿ ಕುಳಿತಿದ್ದರು. ಬಾಡಿದ ಮಾಲೆ ಇನ್ನೂ ಅದರ ಮೇಲೆಯೇ ಇತ್ತು. ನಾನು ನಿಂತೇ ಹೇಳಿದೆ. ಹಾಳೆಯಲ್ಲಿ ಬಗ್ಗಿದ್ದೇ ಇತ್ತು, ನಾನೇ ನಿಮ್ಮ ಕೈನಡುಕ ಎಂದುಕೊಂಡು ನೇರ ಮಾಡಿದೆ, ಬಾವನ ಮುಂದೆ ತಪ್ಪು ಒಪ್ಪಿಕೊಳ್ಳಲು ನಾಚಿಕೆಯಾಗಿ ಸುಳ್ಳು ಹೇಳಿದೆ, ಹಾಳೆ ನನ್ನ ಡ್ರಾಯರಿನಲ್ಲೇ ಇತ್ತು, ಆಮೇಲೆ ಸುಟ್ಟೆ. ಒಂದನ್ನೂ ಬಿಡಲಿಲ್ಲ. ಕೊನೆಗೆ ಹತ್ತಿ ಬಿಚ್ಚಿ ಹಿಡಿಯನ್ನು ಅವರ ಅಂಗೈಯಲ್ಲಿ ಇಟ್ಟೆ.

ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಹೆಬ್ಬೆರಳು ಬಗ್ಗಿದ ಜಾಗಕ್ಕೆ ಹೋಗಿ ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ನನಗೆ ಜೀವ ಬಂದ ಹಾಗಾಯಿತು.

"ಜಲಜ ನಿಮ್ಮತ್ರ ಆ ಕಥೆ ಹೇಳಿದ್ಳಾ?" ಎಂದರು.

"ಹೇಳಿದ್ರು. ಆದ್ರೆ ಅದಕ್ಕೆ ಬಂದದ್ದಲ್ಲ ನಾನು. ನಾನು ಹೇಳ್ತಾ ಇರುದು ಸತ್ಯ ದಫೇದಾರ್ರೆ. ನಿಮ್ಮ ನೆನಪು ಸರಿ ಇತ್ತು. ತಪ್ಪು ನನ್ನದು."

ಅವರು ಹಿಡಿಯನ್ನು ಜೋಪಾನವಾಗಿ ಮತ್ತೆ ಹತ್ತಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಸಿಟ್ಟಿರಲಿಲ್ಲ. ಮಕ್ಕಳಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದರು:

"ಕೂತ್ಕೊಳ್ಳಿ ಆಚಾರ್ರೆ. ಮರೆವು ಬಂದವನ ಎದುರು ಎಲ್ಲರೂ ಸುಳ್ಳು ಹೇಳ್ತಾರೆ. ಮಗಳು ಹೇಳ್ತಾಳೆ, ಅಳಿಯ ಹೇಳ್ತಾನೆ, ಡಾಕ್ಟ್ರೂ ಹೇಳ್ತಾರೆ. ನಾನು ತಪ್ಪಿದ್ರೂ ಹೌದಪ್ಪ ಸರಿ ಅಂತಾರೆ. ಪ್ರೀತಿಯಿಂದ ಹೇಳುದು, ಗೊತ್ತುಂಟು ನನಗೆ. ಆದ್ರೆ ಯಾವುದು ನಿಜ, ಯಾವುದು ಅಲ್ಲ ಅಂತ ಮನುಷ್ಯ ತಿಳ್ಕೊಳ್ಳುದು ಹೇಗೆ? ನೀವು ಒಬ್ರೇ ಅವತ್ತು ನನ್ನ ಮುಖ ನೋಡಿ, ಇಲ್ಲ, ನಿಮಗೆ ಮರೆತಿದೆ ಅಂತ ಹೇಳಿದವರು. ನನಗೆ ಬೇಸರ ಆಯ್ತು. ಆದ್ರೆ ಈಗ ನಾನು ನಂಬುದು ನಿಮ್ಮ ಒಬ್ಬರ ಮಾತನ್ನು ಮಾತ್ರ." ನನ್ನ ಮೊಣಕೈ ಹಿಡಿದುಕೊಂಡರು. "ನೀವೂ ಹೀಗೆ ಕನಿಕರಕ್ಕೆ ಸುಳ್ಳು ಹೇಳ್ಲಿಕ್ಕೆ ಶುರು ಮಾಡಿದ್ರೆ ನಾನು ಯಾರನ್ನು ಕೇಳ್ಬೇಕು ಹೇಳಿ?"

ದೇವರ ಮೇಲೆ ಆಣೆ ಹಾಕಲು ಬಾಯಿ ತೆರೆದೆ. ಆಣೆಯನ್ನೂ ಅವರು ಕನಿಕರವೆಂದೇ ತಿಳಿಯುತ್ತಿದ್ದರು. ತೋರಿಸಲು ನನ್ನ ಕೈಯಲ್ಲಿ ಒಂದು ತುಂಡು ಕಾಗದವೂ ಇರಲಿಲ್ಲ.

"ಹೇಳಿ ಆಚಾರ್ರೆ. ನಿಜ ಹೇಳಿ. ಹಿಡಿ ನೇರ ಇತ್ತಲ್ವಾ?"

ಅವರ ಕಣ್ಣು ನನ್ನ ಮುಖದ ಮೇಲಿತ್ತು. ಇಡೀ ಜಗತ್ತಿನಲ್ಲಿ ಅವರಿಗೆ ಉಳಿದಿದ್ದ ಒಂದೇ ನಂಬಿಕೆಯನ್ನು ಕಿತ್ತುಕೊಳ್ಳಲು ನನಗೆ ಧೈರ್ಯ ಸಾಲಲಿಲ್ಲ.

"ಹೌದು ದಫೇದಾರ್ರೆ" ಎಂದೆ. "ನೇರವೇ ಇತ್ತು."